ಹೆಗಲು ಕೊಡಬೇಡಿ

ಹಿರೇಕೆರೂರು
3 ಅಕ್ಟೋಬರ್ 2024

ತಸ್ಲೀಮಾ,

ಇಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ಬರೆಯುವ ಮನಸ್ಸಿಲ್ಲ, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ನೀನು ಫೋನ್ ಮಾಡಿದ್ದೆ, ನಾನು ಎತ್ತಲಿಲ್ಲ. ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನೀನು 'ಕಾಕಾ, ಕಾಕಾ' ಎಂದು ಎರಡು ಸಲ ಅಂದರೆ ನನ್ನ ಸಿಟ್ಟು ಇಳಿದುಬಿಡುತ್ತದೆ. ಈ ಸಲ ಇಳಿಯಬಾರದು. ಆದ್ದರಿಂದ ಲಾರಿ ಡ್ರೈವರ್ ಅಕ್ಬರಸಾಬನ ಕೈಯಲ್ಲಿ ಪತ್ರ ಕಳಿಸುತ್ತಿದ್ದೇನೆ. ಕೂತು ಓದು.

ನೀನು ಆರಿಸಿದ ಸ್ಟ್ಯಾಕರ್, ಆ ಮಾಲು ಎತ್ತಿ ಒಟ್ಟುವ ಮಶೀನು, ಮೊನ್ನೆ ನಮ್ಮ ಗೋದಾಮಿಗೆ ಬಂತು. ಹುಡುಗರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಒಳಗೆ ಕರೆದುಕೊಂಡರು. ಅಷ್ಟು ಮರ್ಯಾದೆ ಮಾಡಿಸಿಕೊಂಡ ಮಶೀನು ಚೀಲ ಒಟ್ಟಿದ ಒಂದು ಪ್ಯಾಲೆಟ್ ಕೂಡ ಎತ್ತಲಿಲ್ಲ. ಎತ್ತುವುದು ದೂರ ಉಳಿಯಿತು, ಪ್ಯಾಲೆಟ್ಟಿನೊಳಗೆ ಹೋಗಲೇ ಇಲ್ಲ. ಮಾಲು ಹೊರುವ ಎರಡು ಫೋರ್ಕುಗಳ ಕೆಳಗೇ ಅದರ ಎರಡು ಕಾಲುಗಳಿವೆ. ನಮ್ಮ ಕಟ್ಟಿಗೆಯ ಪ್ಯಾಲೆಟ್ಟಿಗೆ ತಳದಲ್ಲೂ ಅಡ್ಡ ಹಲಗೆ ಹೊಡೆದಿದ್ದಾರೆ. ಕಾಲು ಹಲಗೆಗೆ ಬಡಿದು ನಿಲ್ಲುತ್ತದೆ. ನಮ್ಮ ಗ್ಯಾಂಗಿನ ಲೋಹಿತ ಅದನ್ನು ಹಿಂದೆ ಮುಂದೆ ಮಾಡಿ ಬೆವರು ಸುರಿಸಿಕೊಂಡು, "ಕಾಕಾ, ಹೊಸ ಸೊಸಿ ಹೊಸ್ತಿಲ ದಾಟವಲ್ಲಳ್ರಿ" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ಗೋದಾಮಿನ ಉಸ್ತುವಾರಿ ನಿನ್ನದು ಎಂದು ನಾನು ಊರೆಲ್ಲ ಜಂಬ ಕೊಚ್ಚಿಕೊಂಡು ತಿರುಗಿದ್ದೇನೆ. ಪ್ಯಾಲೆಟ್ಟಿನ ತಳ ಹೇಗಿದೆ ಎಂದು ಕೇಳಬೇಕೆನ್ನುವಷ್ಟೂ ನಿನಗೆ ಹೊಳೆಯಲಿಲ್ಲವೇ?

ಅದನ್ನಾದರೂ ತಡೆದುಕೊಂಡೇನು. ಮಶೀನಿನ ಜೊತೆ ಒಂದು ಸೂಚನೆಯ ಹಾಳೆ ಕಳಿಸಿದ್ದೀಯಲ್ಲ, ಅದನ್ನು ತಡೆದುಕೊಳ್ಳಲಾರೆ. ಕೊನೆಯ ಸಾಲು ಓದಿ ತಲೆ ಕೆಟ್ಟು ಹೋಯಿತು. 'ಲೋಡು ವಾಲಿದರೆ ತಡೆಯಲು ಹೋಗಬೇಡಿ. ಹೆಗಲು ಕೊಡಬೇಡಿ. ಬಿಟ್ಟು ದೂರ ಓಡಿ.' ಹಮಾಲರಿಗೆ ಇದನ್ನು ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು? ಆಳೆತ್ತರ ಒಟ್ಟಿದ ಚೀಲದ ನಿಟ್ಟು ವಾಲಿದಾಗ ಒಬ್ಬ "ಹೆಗಲ!" ಎಂದು ಕೂಗಿದರೆ ಇಡೀ ಗ್ಯಾಂಗು ಓಡಿ ಬಂದು ಹೆಗಲು ಹಚ್ಚಿ ನಿಲ್ಲುತ್ತದೆ. ಒಳಗಿದ್ದವನು ಹೊರಗೆ ಬರುವತನಕ ಯಾರೂ ಕದಲುವುದಿಲ್ಲ. ನಾವು ಒಬ್ಬರನ್ನೊಬ್ಬರು ನಂಬಿ ನಿಟ್ಟಿನ ಬುಡದಲ್ಲಿ ಕೆಲಸ ಮಾಡುವುದು ಆ ಒಂದು ಕೂಗಿನ ಮೇಲೆ. ಹಾನಗಲ್ಲಿನಲ್ಲಿ ಆ ಕೂಗಿಗೆ ಓಡಿ ಬಂದವನು ನಿನ್ನ ಅಪ್ಪ ನಬೀಸಾಬ. ಅವನು ಹೆಗಲು ಕೊಟ್ಟಿದ್ದಕ್ಕೆ ನಾನು ಹೊರಗೆ ಉರುಳಿ ಬದುಕಿದೆ. ಅವನ ಬೆನ್ನು ಹೋಯಿತು. ಅವನ ಮಗಳೇ ಈಗ 'ಓಡಿ' ಎಂದು ಅಚ್ಚು ಹಾಕಿಸಿ ಕಳಿಸುತ್ತಾಳೆ.

ಆ ಸಾಲನ್ನು ಕತ್ತರಿಸಿ ಒಲೆಗೆ ಹಾಕಿದೆ. ಮಿಕ್ಕ ಹಾಳೆಯನ್ನು ಗೋಡೆಗೆ ಅಂಟಿಸಿದ್ದೇನೆ.

ಸಿಟ್ಟಿನಲ್ಲಿರುವ ನಿನ್ನ ಕಾಕಾ,
ಪರಮೇಶಪ್ಪ


ಶಿಗ್ಗಾಂವಿ
9 ಅಕ್ಟೋಬರ್ 2024

ಪರಮೇಶಪ್ಪ ಕಾಕಾ ಅವರಿಗೆ,

ಸಲಾಮು ಹೇಳಿಯೇ ಶುರು ಮಾಡುತ್ತೇನೆ, ಆಮೇಲೆ ನೀವು ಸಿಟ್ಟಾಗಿ, ನಾನೂ ಆಗುತ್ತೇನೆ.

ಪ್ಯಾಲೆಟ್ಟಿನ ತಳ ಹೇಗಿದೆ ಎಂದು ನಾನು ಕೇಳಿದ್ದೆ. ಆಗಸ್ಟಿನಲ್ಲಿ ಕೇಳಿದೆ. ನೀವು "ಎಲ್ಲಾ ಪ್ಯಾಲೆಟ್ ಒಂದ ನಮೂನಿ ಇರ್ತಾವಬೇ" ಎಂದು ಹೇಳಿ ಫೋನ್ ಇಟ್ಟಿರಿ. ಆದರೂ ನಾನು ಅಗಲ ಕಾಲಿನ ಸ್ಟ್ಯಾಕರ್ ಬೇಕೆಂದೇ ಬರೆದಿದ್ದೆ. ಅದರ ಕಾಲುಗಳು ಪ್ಯಾಲೆಟ್ಟಿನ ಆಚೆ ಈಚೆ ಹೋಗುತ್ತವೆ, ತಳದಲ್ಲಿ ಹಲಗೆ ಇದ್ದರೂ ತೊಂದರೆಯಿಲ್ಲ. ನಮ್ಮ ಮಾಲೀಕರು ನಾಲ್ಕು ಗೋದಾಮಿಗೂ ಒಂದೇ ತರಹದ್ದು ತೆಗೆದುಕೊಂಡರೆ ಸಸ್ತಾ ಬೀಳುತ್ತದೆ ಎಂದು ನನ್ನ ಮಾತನ್ನು ಬದಿಗಿಟ್ಟರು. ಅವರ ಜೊತೆ ಜಗಳಾಡಿದೆ. ಜಗಳ ಆಡಿದ್ದಕ್ಕೆ ತಳದಲ್ಲಿ ಹಲಗೆಯಿಲ್ಲದ ಹೊಸ ಪ್ಯಾಲೆಟ್ಟುಗಳು ಸಿಕ್ಕಿವೆ. ಈ ಲಾರಿಯಲ್ಲೇ ಬರುತ್ತಿವೆ. ಹಳೆಯವನ್ನು ಒಡೆದು ಒಲೆಗೆ ಹಾಕಿ, ನಿಮಗೆ ಅದು ರೂಢಿಯಿದೆಯಲ್ಲ.

ಇನ್ನು ನೆಲ. ಸ್ಟ್ಯಾಕರಿನ ಗಾಲಿ ಅಂಗೈಯಷ್ಟು ದೊಡ್ಡದೂ ಇಲ್ಲ, ಸಣ್ಣ ಸಂದು ಸಿಕ್ಕರೂ ಒಳಗಿಳಿಯುತ್ತದೆ ಎಂದು ಹೇಳಿ ನೆಲದ ಫೋಟೋ ಕೇಳಿದ್ದೆ. ನೀವು ಮುಂದಿನ ಕಾಂಕ್ರೀಟ್ ನೆಲದ ಫೋಟೋ ಕಳಿಸಿದಿರಿ, ಗುಡಿಸಿ ನೀರು ಹೊಡೆದು ಕಳಿಸಿದಿರಿ. ಹಿಂದಿನ ಅರ್ಧ ಗೋದಾಮು ಇನ್ನೂ ಹಳೆಯ ಕಲ್ಲಿನ ಫರಸಿಯೇ ಅಂತೆ. ಅಕ್ಬರಸಾಬ ಚಾಚಾ ಹೇಳಿದರು. ಹೆಣ್ಣು ನೋಡಲು ಬಂದವರಿಗೆ ತೋರಿಸಿದ ಹಾಗೆ ಚೆಂದದ ಕಡೆಯಷ್ಟೇ ತೋರಿಸಿದ್ದೀರಿ. ಫರಸಿಯ ಮೇಲೆ ಮಶೀನು ಒಯ್ಯಬೇಡಿ. ಅಲ್ಲಿ ಕಾಂಕ್ರೀಟ್ ಹಾಕಿಸುವವರೆಗೆ ಮುಂದಿನ ಭಾಗದಲ್ಲಿ ಮಾತ್ರ ನಡೆಸಿ.

ಲೋಹಿತನಿಗೆ ನೀವೇ ಹೇಳಿ, ಅವನು ನನ್ನ ಮಾತಿಗೆ ನಗುತ್ತಾನೆ. ನಡೆಯುವಾಗ ಲೋಡು ನೆಲದಿಂದ ಒಂದು ಗೇಣಿಗಿಂತ ಮೇಲೆ ಇರಬಾರದು. ಎತ್ತುವುದು ನಿಟ್ಟಿನ ಎದುರು ನಿಂತ ಮೇಲೆಯೇ. ಚೀಲಗಳು ಮಶೀನಿನ ಕಂಬಕ್ಕೆ ಆತುಕೊಂಡಿರಬೇಕು, ಫೋರ್ಕಿನ ತುದಿಗೆ ಭಾರ ಬೀಳಬಾರದು. ಮಶೀನಿನ ಮೇಲೆ ಒಂದು ಟನ್ ಎಂದು ಬರೆದಿದೆ ನಿಜ, ಆದರೆ ಅದು ಕೆಳಗಿದ್ದಾಗಿನ ಮಾತು. ಪೂರ್ತಿ ಮೇಲೆ ಎತ್ತಿದರೆ ಅದರ ತಾಕತ್ತು ಅರ್ಧಕ್ಕೆ ಬರುತ್ತದೆ. ಎತ್ತಿದ ಲೋಡಿನ ಕೆಳಗೆ ಯಾರೂ ಹಾಯಬಾರದು, ಬೀಡಿ ಬಿದ್ದಿದ್ದರೂ ಸರಿ, ನೀವು ಬಿದ್ದಿದ್ದರೂ ಸರಿ.

ಕೊನೆಯ ಸಾಲಿನ ಬಗ್ಗೆ. ಅದನ್ನು ಬರೆದವಳು ನಾನೇ. ಕಂಪನಿಯ ಹಾಳೆಯಲ್ಲಿ ಅದು ಇರಲಿಲ್ಲ. ನಮ್ಮ ಹಮಾಲರು ಏನು ಮಾಡುತ್ತಾರೆಂದು ಆ ಮಶೀನು ಮಾಡಿದವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಚೀಲದ ನಿಟ್ಟು ಮೆಲ್ಲಗೆ ವಾಲುತ್ತದೆ, ಹತ್ತು ಹೆಗಲು ಸೇರಿದರೆ ನಿಂತರೂ ನಿಂತೀತು. ಸ್ಟ್ಯಾಕರಿನ ಮೇಲಿಂದ ಇಡೀ ಲೋಡು ಒಂದೇ ಏಟಿಗೆ ಬರುತ್ತದೆ. ಅದಕ್ಕೆ ಹೆಗಲು ಕೊಡುವುದೆಂದರೆ ಬರುವ ಲಾರಿಗೆ ಅಡ್ಡ ನಿಂತ ಹಾಗೆ. ದಯವಿಟ್ಟು ಅಬ್ಬಾನ ಬೆನ್ನನ್ನು ಮಧ್ಯೆ ತರಬೇಡಿ. ಅದನ್ನು ನಾನು ನಿಮಗಿಂತ ಹತ್ತಿರದಿಂದ ನೋಡಿದ್ದೇನೆ.

ಹೊಸ ಹಾಳೆ ಕಳಿಸಿದ್ದೇನೆ. ಇದನ್ನು ಕತ್ತರಿಸಬೇಡಿ.

ನಿಮ್ಮ ಮನೆಯ ಹಾಲು ಮೊಸರು ಉಂಡು ಬೆಳೆದ,
ತಸ್ಲೀಮಾ


ಹಿರೇಕೆರೂರು
24 ಅಕ್ಟೋಬರ್ 2024

ತಸ್ಲೀಮಾ,

ಹೊಸ ಪ್ಯಾಲೆಟ್ಟುಗಳು ಬಂದವು. ಮಶೀನು ಒಳಗೆ ಹೋಗುತ್ತದೆ, ಎತ್ತುತ್ತದೆ, ಇಡುತ್ತದೆ. ಒಪ್ಪಿದೆ. ಇಷ್ಟು ಹೊಗಳಿಕೆ ಸಾಕು.

ಗೋವಿನಜೋಳ ಬರಲು ಶುರುವಾಗಿದೆ. ಮಾಸೂರಿನ ಕಡೆಯಿಂದ, ಅಬಲೂರಿನ ಕಡೆಯಿಂದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ. ಮುಂದಿನ ಭಾಗ ಆಗಲೇ ತುಂಬುತ್ತ ಬಂತು. ನೀನು ಹಿಂದೆ ಒಯ್ಯಬೇಡಿ ಎನ್ನುತ್ತೀ. ಹಾಗಾದರೆ ಚೀಲ ಎಲ್ಲಿ ಇಡಲಿ, ನನ್ನ ತಲೆಯ ಮೇಲೆಯೇ? ಕಾಂಕ್ರೀಟ್ ಹಾಕಿಸುತ್ತೇನೆ ಎಂದವಳು ಇನ್ನೂ ಒಂದು ಬುಟ್ಟಿ ಮರಳು ಕಳಿಸಿಲ್ಲ. ಲೋಹಿತ ನಿಧಾನಕ್ಕೆ ಫರಸಿಯ ಮೇಲೂ ಒಯ್ಯುತ್ತಿದ್ದಾನೆ. ಹುಡುಗನ ಕೈ ಚೆನ್ನಾಗಿ ಕುದುರಿದೆ. ಪ್ರತಿ ಸಲ ಇಳಿಸಿ ಎತ್ತಿ ಮಾಡಿದರೆ ಹೊತ್ತು ಹೋಗುತ್ತದೆಂದು ಮೇಲೆ ಎತ್ತಿಕೊಂಡೇ ನಡೆಯುವುದನ್ನೂ ಕಲಿತಿದ್ದಾನೆ. ಬೈಯಬೇಡ. ಸುಗ್ಗಿ ಮುಗಿಯಲಿ, ನಿನ್ನ ಒಂದು ಗೇಣಿನ ಲೆಕ್ಕ ಆಮೇಲೆ ನೋಡೋಣ.

ನನ್ನ ಮಗ ಸಂಜಯ ಕೂಡ ಈ ವರ್ಷ ಗ್ಯಾಂಗಿಗೆ ಪೂರ್ತಿ ಸೇರಿದ. ತಾಯಿಗೆ ಇಷ್ಟವಿಲ್ಲ. "ಅವಂಗ ಅಂಗಡಿ ಹಾಕಿ ಕೊಡ್ರಿ" ಎಂದು ವೀರವ್ವ ದಿನಾ ಗೊಣಗುತ್ತಾಳೆ. ಮೊದಲ ದಿನ ಅವನನ್ನು ಕೂರಿಸಿಕೊಂಡು ನಿನ್ನ ಅಪ್ಪನ ಕಥೆ ಹೇಳಿದೆ. ಹೊಸಬರು ಯಾರೇ ಬರಲಿ, ನಾನು ಮೊದಲು ಹೇಳುವುದು ಅದೇ. ಆ ಮಳೆಗಾಲ ಹಾನಗಲ್ಲಿನ ಗೋದಾಮಿನ ಮಾಡು ಸೋರಿ ಬುಡದ ಚೀಲಗಳು ನೆನೆದದ್ದು, ನಾನು ಒಳಗೆ ಕೂತು ಹಸಿ ಚೀಲ ಎಳೆಯುತ್ತಿದ್ದದ್ದು, ನಿಟ್ಟು ನನ್ನ ಮೇಲೆ ವಾಲಿದ್ದು. ನಬೀಸಾಬ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದವನು ಕಪ್ಪು ಎಸೆದು ಓಡಿ ಬಂದ. ಒಬ್ಬನೇ ಹೆಗಲು ಕೊಟ್ಟ. "ಹೊರಗ ಬಾರಲೇ" ಎಂದು ಬೈದ. ಆ ಬೈಗುಳ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಓಡು ಎಂದು ಕಲಿಸಿದರೆ ಅಂಥ ಮನುಷ್ಯ ಮತ್ತೆ ಹುಟ್ಟುವುದಿಲ್ಲ, ತಸ್ಲೀಮಾ. ನಿನ್ನ ಹೊಸ ಹಾಳೆಯನ್ನು ಅಂಟಿಸಿದ್ದೇನೆ. ಕೊನೆಯ ಸಾಲಿನ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದೇನೆ.

ಹಟಮಾರಿ ಎಂದು ನೀನು ಬೈಯುವ,
ಪರಮೇಶಪ್ಪ


ಶಿಗ್ಗಾಂವಿ
12 ನವೆಂಬರ್ 2024

ಕಾಕಾ,

ಆಸ್ಪತ್ರೆಯ ವರಾಂಡದಲ್ಲಿ ನೀವು ನನ್ನ ಮುಖ ನೋಡಲಿಲ್ಲ. ಗೋಡೆ ನೋಡುತ್ತ ಕೂತಿರಿ. ವೀರವ್ವ ಚಿಗವ್ವ ನನ್ನ ಕೈ ಹಿಡಿದು ಅತ್ತರು. ನೀವು ಎದ್ದು ಹೊರಗೆ ಹೋದಿರಿ. ಸರಿ, ಮಾತಾಡದಿದ್ದರೆ ಓದಿ.

ಸಂಜಯನ ಕಾಲು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಒಳಗೆ ರಾಡು ಹಾಕಿದ್ದಾರೆ. ಇನ್ನು ಅವನು ಚೀಲ ಹೊರುವುದಿಲ್ಲ. ಇದನ್ನು ನನಗೆ ಅವನೇ ಹೇಳಿದ, ನಗುತ್ತ ಹೇಳಿದ. "ಅವ್ವನ ಅಂಗಡಿ ಖರೆ ಆತು ನೋಡಕ್ಕ" ಎಂದ. ನನಗೆ ಅಳು ತಡೆಯಲಾಗಲಿಲ್ಲ.

ಏನಾಯಿತು ಎಂದು ಲೋಹಿತನನ್ನು ಕೂರಿಸಿಕೊಂಡು ಕೇಳಿದೆ. ಅವನು ಅಳುತ್ತಲೇ ಹೇಳಿದ. ಲೋಡು ಮೇಲೆ ಎತ್ತಿಕೊಂಡೇ ಫರಸಿಯ ಮೇಲೆ ಹೋಗುತ್ತಿದ್ದನಂತೆ. ಮುಂದಿನ ಗಾಲಿ ಸಂದಿಗೆ ಇಳಿಯಿತು, ಕಂಬ ತೂಗಿತು. ಕ್ಯಾಲೆಂಡರಿನ ಕೆಳಗೆ ಇಣುಕಿ ಓದಿದ್ದ ನನ್ನ ಹಾಳೆಯ ಸಾಲು ಅವನಿಗೆ ನೆನಪಾಗಿ ಹಿಡಿಕೆ ಬಿಟ್ಟು ಹಿಂದಕ್ಕೆ ಜಿಗಿದ. ಅದಕ್ಕೇ ಅವನಿಗೆ ಒಂದು ಗೀರೂ ಆಗಿಲ್ಲ. ಕಂಬದ ಎದುರು ಯಾರೂ ಇರಲಿಲ್ಲ. ಕಾಕಾ, ಆ ಲೋಡು ಬೀಳಬೇಕಾಗಿದ್ದದ್ದು ಖಾಲಿ ಜಾಗಕ್ಕೆ. ಚೀಲ ಒಡೆದು ಕಾಳು ಚೆಲ್ಲುತ್ತಿತ್ತು. ಗುಡಿಸಿ ತುಂಬಿದರೆ ಮುಗಿದು ಹೋಗುತ್ತಿತ್ತು.

ಸಂಜಯ ಅಲ್ಲಿರಲಿಲ್ಲ. ಬಾಗಿಲ ಹತ್ತಿರ ಕೂತು ಚೀಲದ ಬಾಯಿ ಹೊಲಿಯುತ್ತಿದ್ದ. ಅವನಿದ್ದಲ್ಲಿಗೆ ಒಂದು ಕಾಳೂ ಸಿಡಿಯುತ್ತಿರಲಿಲ್ಲ. ಆಗ ಒಬ್ಬರು "ಹೆಗಲ! ಹೆಗಲ ಕೊಡ್ರಿ!" ಎಂದು ಕೂಗಿದರು. ಅವನು ಸೂಜಿ ಬಿಸಾಕಿ ಓಡಿ ಹೋಗಿ ಒಂದು ಟನ್ ಗೋವಿನಜೋಳಕ್ಕೆ ಹೆಗಲು ಕೊಟ್ಟ.

ಕೂಗಿದವರು ಯಾರು, ಕಾಕಾ?

ನಾನು ನಾಲ್ಕು ದಿನ ಈ ಪ್ರಶ್ನೆಯನ್ನು ನುಂಗಿಕೊಂಡೆ. ಇನ್ನು ಆಗುವುದಿಲ್ಲ. ಎಲ್ಲರೂ ಮಶೀನನ್ನು ಬೈಯುತ್ತಿದ್ದಾರೆ, ನೀವೂ ಬೈಯುತ್ತಿದ್ದೀರಿ. ಮಶೀನು ಬೀಳಿಸಿದ್ದು ಚೀಲಗಳನ್ನು. ಸಂಜಯನನ್ನು ಅದರ ಕೆಳಗೆ ಕರೆದದ್ದು ಬೇರೆ.

ತಸ್ಲೀಮಾ


ಹಿರೇಕೆರೂರು
15 ನವೆಂಬರ್ 2024

ತಸ್ಲೀಮಾಗೆ,

ನಿನ್ನ ಪತ್ರ ಓದಿದೆ. ಹರಿದು ಹಾಕಲು ಹೋದೆ, ಆಮೇಲೆ ಮಡಚಿ ಜೇಬಿಗೆ ಇಟ್ಟುಕೊಂಡೆ.

ಶಿಗ್ಗಾಂವಿಯಿಂದ ಹಿರೇಕೆರೂರಿಗೆ ಬಸ್ಸಿಲ್ಲವೇನು? ಫೋಟೋ ನೋಡಿ ಮಶೀನು ಆರಿಸಿದವಳು ನೀನು. ಒಮ್ಮೆ ಬಂದು ಈ ಗೋದಾಮಿನಲ್ಲಿ ನಡೆದಿದ್ದರೆ ನಿನ್ನ ಚಪ್ಪಲಿಗೇ ಫರಸಿಯ ಸಂದು ತಾಗುತ್ತಿತ್ತು. ಕಾಂಕ್ರೀಟ್ ಹಾಕಿಸುವ ಮಾತನ್ನು ತಿಂಗಳ ಹಿಂದೆಯೇ ಬರೆದೆ. ಎಲ್ಲಿ ಕಾಂಕ್ರೀಟ್? ಸುಗ್ಗಿಯ ಮಾಲು ಬಾಗಿಲಿಗೆ ಬಂದು ನಿಂತಿರುವಾಗ ಅರ್ಧ ಗೋದಾಮು ಖಾಲಿ ಇಡಿ ಎಂದು ಕುರ್ಚಿಯಲ್ಲಿ ಕೂತು ಬರೆಯುವುದು ಬಹಳ ಸುಲಭ.

ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸವಣೂರಿನ ಪೇಟೆ ತಿರುಗಿಸಿದ್ದೇನೆ. ನಿನ್ನ ಅಪ್ಪ ಹಾಸಿಗೆ ಹಿಡಿದಾಗ ನಿನ್ನ ಶಾಲೆಯ ಬಾಗಿಲಲ್ಲಿ ನಿಂತವನು ನಾನು. ಆ ನೀನು ನನ್ನ ಮಗ ಆಸ್ಪತ್ರೆಯಲ್ಲಿ ಮಲಗಿರುವಾಗ ಕೂಗಿದವರು ಯಾರು ಎಂದು ಕೇಳುತ್ತೀ. ಉತ್ತರ ಗೊತ್ತಿದ್ದೇ ಕೇಳುತ್ತೀ.

ಮಶೀನಿನ ಕೀಲಿಯನ್ನು ಅಕ್ಬರಸಾಬನ ಕೈಯಲ್ಲಿ ಕಳಿಸಿದ್ದೇನೆ. ನಮಗೆ ಅದು ಬೇಡ. ಅದು ಬರುವ ಮುಂಚೆಯೂ ನಾವು ಚೀಲ ಹೊತ್ತಿದ್ದೇವೆ, ಇನ್ನು ಮುಂದೆಯೂ ಹೊರುತ್ತೇವೆ. ನೀನು ಮತ್ತೆ ಬರೆಯಬೇಡ.

ಪರಮೇಶಪ್ಪ


ಸವಣೂರು
6 ಡಿಸೆಂಬರ್ 2024

ಕಾಕಾ,

ಬರೆಯಬೇಡ ಎಂದಿರಿ. ಬರೆಯುತ್ತಿದ್ದೇನೆ. ನಿಮ್ಮ ಹಟ ನೋಡಿಯೇ ಬೆಳೆದವಳು ನಾನು.

ಬಂದು ನೋಡಬೇಕಿತ್ತು ಎಂದಿರಲ್ಲ, ನಿಜ. ಬರಬೇಕಿತ್ತು. ಆ ಮಾತು ಚುಚ್ಚಿತು, ಚುಚ್ಚಲಿ. ಅದಕ್ಕೇ ಮಾಲೀಕರ ಮುಂದೆ ಹೋಗಿ ಕೂತೆ. ಕಾಂಕ್ರೀಟ್ ಆಗುವತನಕ ನಾಲ್ಕೂ ಗೋದಾಮಿನ ಸ್ಟ್ಯಾಕರುಗಳ ಕೀಲಿ ನನ್ನ ಬಳಿಯೇ ಇರುತ್ತದೆ, ಬೇಕಾದರೆ ಕೆಲಸದಿಂದ ತೆಗೆಯಿರಿ ಎಂದೆ. ಅವರು ತೆಗೆಯಲಿಲ್ಲ, ಸಿಮೆಂಟು ಕಳಿಸಿದರು. ಹಿಂದಿನ ಫರಸಿ ಕಿತ್ತು ನೆಲ ಮಾಡಿದ್ದನ್ನು ನೀವೂ ನೋಡಿದ್ದೀರಿ. ನಾನು ಅಲ್ಲಿ ನಿಂತಿದ್ದಾಗ ನೀವು ಹಿಂಬಾಗಿಲಿನಿಂದ ಹೊರಗೆ ಹೋದದ್ದನ್ನು ನಾನೂ ನೋಡಿದೆ.

ಆದರೆ ಹೋದ ತಿಂಗಳು ಬರೆದ ಮಾತನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ನೆಲ ಹೊಸದಾಯಿತು, ಕೂಗು ಹಳೆಯದೇ ಇದೆ. ನಾಳೆ ಮತ್ತೆ ಒಂದು ಲೋಡು ವಾಲುತ್ತದೆ. ಎಷ್ಟೇ ಹುಷಾರಾಗಿದ್ದರೂ ಒಮ್ಮೆ ವಾಲಿಯೇ ವಾಲುತ್ತದೆ. ನೀವು ಕೂಗುತ್ತೀರಿ, ಇನ್ನೊಬ್ಬರ ಮಗ ಓಡಿ ಬರುತ್ತಾನೆ. ನಾನು ಗೋಡೆಗೆ ನೂರು ಹಾಳೆ ಅಂಟಿಸಿದರೂ ಆ ಹುಡುಗರು ನಿಮ್ಮ ಬಾಯಿ ನೋಡುತ್ತಾರೆಯೇ ಹೊರತು ಹಾಳೆ ನೋಡುವುದಿಲ್ಲ. ಬಿಟ್ಟು ಓಡಿ ಎಂದು ನೀವೇ ನಿಮ್ಮ ಬಾಯಿಂದ ಗ್ಯಾಂಗಿಗೆ ಹೇಳುವತನಕ ಹಿರೇಕೆರೂರಿಗೆ ಕೀಲಿ ಕೊಡಬಾರದು ಎಂದು ನಿಶ್ಚಯಿಸಿದ್ದೆ. ಸುಗ್ಗಿ ಮುಗಿದರೂ ಸರಿ, ನನ್ನ ಮೇಲೆ ಮಣ್ಣು ತೂರಿದರೂ ಸರಿ ಎಂದುಕೊಂಡಿದ್ದೆ.

ಎರಡು ದಿನಕ್ಕೆಂದು ಸವಣೂರಿನ ನಮ್ಮ ಮನೆಗೆ ಬಂದೆ, ನಡುವೆ ಅಬ್ಬಾ ತಲೆ ಹಾಕಿದ. ನಮ್ಮ ಪತ್ರಗಳ ವಿಷಯ ನಾನು ಅವನಿಗೆ ಹೇಳಿರಲಿಲ್ಲ, ಅಕ್ಬರಸಾಬ ಚಾಚಾನೇ ಎಲ್ಲ ಒದರಿಬಿಟ್ಟಿದ್ದಾರೆ. ನಿನ್ನೆ ಊಟಕ್ಕೆ ಕೂತಾಗ ಕೈ ತೊಳೆಯದೆಯೇ, "ಅಂವ ಇನ್ನೂ ನನ್ನ ಕಥಿ ಹೇಳ್ತಾನೇನು?" ಎಂದು ಕೇಳಿದ. ಹೌದು ಎಂದೆ. "ಸಂಜೂಗೂ ಹೇಳಿದ್ನೇನು?" ಹೌದು ಎಂದೆ. ಆಮೇಲೆ ಅವನು ಉಣ್ಣಲಿಲ್ಲ. ಇವತ್ತು ಬೆಳಿಗ್ಗೆ ಹೊಸ ಅಂಗಿ ಹಾಕಿಕೊಂಡು, ಕೋಲು ಹಿಡಿದು, "ಕೀಲಿ ತಾ, ನಾ ಹಿರೇಕೆರೂರಿಗೆ ಹೋಗ್ತೇನಿ" ಎಂದು ಬಾಗಿಲಲ್ಲಿ ನಿಂತ. ಲಾರಿಯಲ್ಲಿ ಅಷ್ಟು ದೂರ ಕೂತರೆ ಅವನ ಬೆನ್ನು ಏನಾಗುತ್ತದೆಂದು ನಿಮಗೆ ಗೊತ್ತು. ಕೂಗಾಡಿದೆ, ಅತ್ತುಬಿಟ್ಟೆ. ಅವನೂ ಕೂಗಾಡಿದ. ಕೊನೆಗೆ ಕೀಲಿ ಕೊಟ್ಟೆ.

ಈ ಪತ್ರ ನಿಮಗೆ ಅವನ ಜೊತೆಗೇ ಸಿಗುತ್ತದೆ. ಏನು ಹೇಳಲು ಬರುತ್ತಿದ್ದಾನೋ ನನಗೆ ತಿಳಿಯದು. ನನ್ನ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಬೇಡಿ. ಅವನನ್ನು ಮಶೀನಿನ ಹತ್ತಿರ ನಿಲ್ಲಿಸಬೇಡಿ.

ತಸ್ಲೀಮಾ


ಹಿರೇಕೆರೂರು
11 ಡಿಸೆಂಬರ್ 2024

ತಸ್ಲೀಮಾ,

ನಿನ್ನ ಅಪ್ಪನನ್ನು ವಾಪಸು ಕಳಿಸುತ್ತಿದ್ದೇನೆ. ವೀರವ್ವ ಅವನ ಬೆನ್ನಿಗೆ ಬಿಸಿ ಉಪ್ಪಿನ ಶಾಖ ಕೊಟ್ಟು, ಖಡಕ್ ರೊಟ್ಟಿಯ ಗಂಟು ಕಟ್ಟಿದ್ದಾಳೆ. ಸಂಜಯ ಮನೆಗೆ ಬಂದಿದ್ದಾನೆ, ಕೋಲು ಹಿಡಿದು ನಡೆಯುತ್ತಾನೆ. ಇಬ್ಬರೂ ಎರಡು ದಿನ ಅಂಗಳದಲ್ಲಿ ಕೂತು ಯಾರ ಕೋಲು ಚೆಂದ ಎಂದು ವಾದ ಮಾಡಿದರು. ನಾನು ಅವರ ಜೊತೆ ಕೂರಲಿಲ್ಲ. ನಬೀಸಾಬನ ಜೊತೆ ನನಗೆ ಮಾತಿಲ್ಲ. ಯಾಕೆಂದು ಹೇಳುತ್ತೇನೆ.

ಅವನು ಬಂದಿಳಿದಾಗ ಗ್ಯಾಂಗಿನವರೆಲ್ಲ ಕೆಲಸ ಬಿಟ್ಟು ಓಡಿ ಬಂದರು. ಕೆಲವರು ಕಾಲು ಮುಟ್ಟಿದರು. ಎಲ್ಲರೂ ಅವನ ಕಥೆ ಕೇಳಿದವರೇ, ಅವನನ್ನು ನೋಡಿದವರು ಕಡಿಮೆ. ಗೋಡೆಗೆ ಒರಗಿಸಿದ ಚೀಲದ ಮೇಲೆ ಕೂರಿಸಿದೆ. ನಾನು ಎಂದಿನಂತೆ ಶುರು ಮಾಡಿದೆ. "ನೋಡ್ರಪಾ, ಇಂವನ ಹೆಗಲಿನಿಂದ ನಾ ಉಳದೇನಿ…"

"ಪರಮ್ಯಾ, ಬಾಯಿ ಮುಚ್ಚು" ಎಂದ. ಹುಡುಗರ ಎದುರಿಗೆ! "ನನ್ನ ಬೆನ್ನ ತೋರಿಸಿ ಇನ್ನೂ ಎಷ್ಟ ಮಂದೀನ ಲೋಡಿನ ಬುಡಕ್ಕ ಕಳಸ್ತೀ? ನಾ ಹೆಗಲ ಕೊಟ್ಟದ್ದ ಊರಿಗೆಲ್ಲಾ ಹೇಳೀದಿ. ಮತ್ತ ಹಂಗ ಮಾಡ್ತೀಯೇನು ಅಂತ ನನಗ ಒಮ್ಮೆರೆ ಕೇಳೀಯೇನು?"

ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ನನಗೂ ಸಿಟ್ಟು ಬಂತು. "ಈಗ ಕೇಳ್ತೇನಿ. ಮಾಡ್ತೀಯೋ ಇಲ್ಲೋ ಹೇಳು" ಎಂದೆ.

"ಇಲ್ಲ. ನಿನ್ನ ಅಲ್ಲೇ ಬಿಟ್ಟ ಓಡ್ತೇನಿ. ಹಿಂದ ತಿರುಗಿ ಸೈತ ನೋಡಂಗಿಲ್ಲ. ನಾ ಹಾಸಿಗ್ಯಾಗ ಬಿದ್ದಾಗ ನನ್ನ ಹೇಂತಿ ಶಾಕೀರಾ ಮಂದಿ ಮನಿ ಮುಸುರಿ ತಿಕ್ಕಿದ್ಲು. ಕೂಸು ನನ್ನ ಗೋಳ ಕೇಳಬಾರ್ದಂತ ಕಿವಿ ಮುಚ್ಚಿಕೊಂಡ ಮಲಗತಿತ್ತು. ನಿನ್ನ ಒಬ್ಬನ ಜೀವಕ್ಕ ನಾವು ಮೂರು ಮಂದಿ ತೇದೇವಿ. ಭಾಳ ತುಟ್ಟಿ ಆತು, ಪರಮ್ಯಾ. ಇನ್ನೊಮ್ಮೆ ಕೊಡಂಗಿಲ್ಲ."

ಅವನು ಹುಡುಗರ ಕಡೆ ತಿರುಗಿ, "ಕೇಳಿದ್ರ್ಯಾ? ಬಿಟ್ಟ ಓಡ್ರಿ. ನಾ ಹೇಳಾಕತ್ತೇನಿ. ಯಾರರೆ ಹೇಡಿ ಅಂದ್ರ ನನ್ನ ಹೆಸರ ಹೇಳ್ರಿ" ಎಂದ. ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಯಾರ ಹೆಗಲಿನ ಮೇಲೆ ನನ್ನ ಬದುಕು ನಿಂತಿದೆ ಎಂದುಕೊಂಡಿದ್ದೆನೋ, ಅವನೇ ಅದನ್ನು ಎಲ್ಲರ ಮುಂದೆ ಕಿತ್ತುಕೊಂಡ. ತಸ್ಲೀಮಾ, ನನಗೆ ಅಷ್ಟು ದುಃಖ ನನ್ನ ಅಪ್ಪ ಸತ್ತಾಗಲೂ ಆಗಿರಲಿಲ್ಲ.

ಆಮೇಲೆ ಲೋಹಿತನಿಗೆ ಕೀಲಿ ಕೊಟ್ಟ. ಹೊಸ ನೆಲದ ಮೇಲೆ ನಡೆಸಿ ತೋರಿಸು ಎಂದ. ಲೋಹಿತ ಲೋಡನ್ನು ಕೆಳಗೇ ಇಟ್ಟುಕೊಂಡು, ನಿನ್ನ ಒಂದು ಗೇಣಿಗಿಂತಲೂ ಕೆಳಗೆ, ಮದುಮಗಳು ನಡೆದ ಹಾಗೆ ನಡೆಸಿದ. ನಿಟ್ಟಿನ ಎದುರು ನಿಂತು ಎತ್ತತೊಡಗಿದ. ನಾನು ಪಕ್ಕದಲ್ಲಿ ಬಾಗಿ ಗಾಲಿ ನೋಡುತ್ತಿದ್ದೆ. ಅಲ್ಲಿ ನಿಲ್ಲಬಾರದಿತ್ತು, ಬೈಯಬೇಡ. ಮೇಲಿನ ಸಾಲನ್ನು ಯಾರೋ ಸಡಿಲಾಗಿ ಒಟ್ಟಿದ್ದರು. ಅರ್ಧ ಏರುವಷ್ಟರಲ್ಲಿ ಒಂದು ಚೀಲ ಜಾರಿ ನನ್ನ ಕಡೆ ಬಾಗಿತು.

ಬಾಯಿ ತೆರೆದೆ. ಹಳೆಯ ಕೂಗು ನಾಲಿಗೆಯ ತುದಿಗೆ ಬಂದಿತ್ತು. ಸಂಜಯ ಓಡಿ ಬಂದದ್ದು ಕಣ್ಣಿಗೆ ಕಟ್ಟಿತು. "ಬಿಡ್ರಿ! ಓಡ್ರಿ!" ಎಂದು ಕೂಗಿದೆ. ನನ್ನ ಧ್ವನಿ ನನಗೇ ಗುರುತು ಹತ್ತಲಿಲ್ಲ. ಎಲ್ಲರೂ ಬಾಗಿಲ ಕಡೆ ಓಡಿದರು. ನಬೀಸಾಬ ಹೇಳಿದ ಹಾಗೆಯೇ, ಒಬ್ಬನೂ ಹಿಂದೆ ತಿರುಗಿ ನೋಡಲಿಲ್ಲ.

ನಾನೂ ಹಿಂದಕ್ಕೆ ಸರಿದೆ. ಸರಿಯುತ್ತ ಗೋಡೆಯ ಕಡೆ ನೋಡಿದೆ. ನಬೀಸಾಬ ಚೀಲದ ಮೇಲೆ ಇರಲಿಲ್ಲ. ಕೋಲು ಎಸೆದು, ಬಲ ಹೆಗಲು ಮುಂದೆ ಮಾಡಿ, ಆ ಮುರಿದ ಬೆನ್ನು ಹೊತ್ತು ನನ್ನ ಕಡೆಗೇ ಬರುತ್ತಿದ್ದ. ಚೀಲ ನಮ್ಮಿಬ್ಬರ ನಡುವೆ ಬಿದ್ದು ಒಡೆಯಿತು. ಅವನು ನಿಂತ. ನನ್ನ ಮುಖ ನೋಡಿದ, ಬೇರೆ ಕಡೆ ನೋಡಿದ. ಹುಡುಗರು ತಿರುಗಿ ಬರುವಷ್ಟರಲ್ಲಿ ಗೋಡೆ ಹಿಡಿದುಕೊಂಡು, "ಕೋಲ ಬಿದ್ದೈತಿ, ತಾ" ಎಂದ. ಎತ್ತಿ ಕೊಟ್ಟೆ. ಅಷ್ಟೇ.

ನಿನ್ನ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಕೂಗಿದವನು ನಾನು. ಸಂಜಯನಿಗೆ ಇದನ್ನು ನಿನ್ನೆ ಹೇಳಿದೆ. ಅವನು "ಗೊತ್ತೈತಿ ಬಿಡಪ್ಪಾ" ಎಂದ. ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ, ನಿಧಾನಕ್ಕೆ ಹೋದೀತು. ಮಶೀನು ನಡೆಯುತ್ತಿದೆ. ಕ್ಯಾಲೆಂಡರನ್ನು ಬೇರೆ ಮೊಳೆಗೆ ಹಾಕಿದ್ದೇನೆ.

ಗ್ಯಾಂಗಿಗೆ ಹೊಸಬರು ಬಂದಾಗ ನಬೀಸಾಬನ ಕಥೆ ಹೇಳುವುದನ್ನು ನಾನು ಬಿಡುವುದಿಲ್ಲ. ಕೊನೆಗೆ ಮಾತ್ರ, ಇನ್ನೊಮ್ಮೆ ಆದರೆ ಬಿಟ್ಟು ಓಡುತ್ತೇನೆ ಎಂದು ಅವನೇ ಹೇಳಿದ್ದಾನೆ ಎಂದು ಸೇರಿಸುತ್ತೇನೆ. ಅದು ಸುಳ್ಳೆಂದು ಅವನಿಗೆ ಗೊತ್ತು, ನನಗೆ ಗೊತ್ತು, ಈಗ ನಿನಗೆ ಗೊತ್ತು. ಹುಡುಗರ ಕಿವಿಗೆ ಬಿದ್ದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ.

ನಿನ್ನ ಕಾಕಾ,
ಪರಮೇಶಪ್ಪ